ಹತ್ತನೇ ತರಗತಿ ಪೋಷಕರಿಗೆ ಪತ್ರ: ಆ ಹೊಟ್ಟೆನೋವು ನಾಟಕ ಅಲ್ಲ

ಪ್ರೀತಿಯ ಪೋಷಕರೇ,

ನಮಸ್ಕಾರ. ಕಳೆದ ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದು ಹತ್ತು ನಿಮಿಷ ಆಗಿರಲಿಲ್ಲ, ಹತ್ತನೇ ತರಗತಿಯ ಮೂವರು ಹುಡುಗಿಯರು ಹೊಟ್ಟೆ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು. ಅವತ್ತು ಪೂರ್ವಸಿದ್ಧತಾ ಪರೀಕ್ಷೆಯ ಗಣಿತದ ಉತ್ತರ ಪತ್ರಿಕೆ ಕೊಡುವ ದಿನ. ಮೂವರೂ ಚೆನ್ನಾಗಿ ಓದುವವರೇ. ತಿಂಡಿ ತಿಂದ್ರಾ ಅಂತ ಕೇಳಿದೆ, ಇಲ್ಲ ಅಂದರು. ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ರಿ ಅಂದರೆ ಒಬ್ಬಳು ಒಂದೂವರೆ ಅಂದಳು. ಓದ್ತಾ ಇದ್ಯಾ ಅಂದೆ. "ಇಲ್ಲ ಮಿಸ್, ಸುಮ್ನೆ ಮಲಗಿದ್ದೆ, ನಿದ್ದೆ ಬರ್ಲಿಲ್ಲ" ಅಂದಳು.

ಆಮೇಲೆ ಗೊತ್ತಾಯಿತು. ಭಾನುವಾರ ರಾತ್ರಿ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ತಮ್ಮ ಮಗನ ವಿಜ್ಞಾನದ ಅಂಕದ ಫೋಟೋ ಹಾಕಿದ್ದರು. ಸಂತೋಷಕ್ಕೆ ಹಾಕಿದ್ದು, ತಪ್ಪೇನಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಬಂತು, ಮತ್ತೊಂದು ಬಂತು, ಅರ್ಧ ಗಂಟೆಯಲ್ಲಿ ಹನ್ನೊಂದು ಫೋಟೋ. ಉಳಿದ ಮನೆಗಳಲ್ಲಿ ಆ ರಾತ್ರಿ ಊಟದ ಹೊತ್ತಿಗೆ ಏನು ಮಾತು ನಡೆದಿರಬಹುದು ಅಂತ ನಿಮಗೇ ಗೊತ್ತು. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಹೊಟ್ಟೆನೋವಿನ ವಿಷಯ. ಪರೀಕ್ಷೆ ಅಂದ ತಕ್ಷಣ ಇವಳಿಗೆ ಹೊಟ್ಟೆನೋವು, ಎಲ್ಲ ನಾಟಕ ಅಂತ ನಾವು ಅಂದುಬಿಡುತ್ತೇವೆ ಅಲ್ವಾ? ನಾಟಕ ಅಲ್ಲ. ಹೆದರಿಕೆಯಾದಾಗ ಮೂತ್ರಪಿಂಡಗಳ ಮೇಲೆ ಟೋಪಿಯ ಹಾಗೆ ಕೂತಿರುವ ಚಿಕ್ಕ ಗ್ರಂಥಿಗಳು ಅಡ್ರಿನಲಿನ್ ಅನ್ನುವ ಹಾರ್ಮೋನು ಬಿಡುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ರಕ್ತಕ್ಕೆ ಸಕ್ಕರೆ ಜಾಸ್ತಿ ಬರುತ್ತದೆ, ಕೈಕಾಲಿನ ಸ್ನಾಯುಗಳಿಗೆ ರಕ್ತ ಹೆಚ್ಚು ಹೋಗುತ್ತದೆ, ಜೀರ್ಣದ ಕೆಲಸ ನಿಧಾನವಾಗುತ್ತದೆ. ಹುಲಿ ಎದುರಾದರೆ ಓಡಬೇಕಲ್ಲ, ಅದಕ್ಕೆ ದೇಹ ಮಾಡಿಕೊಂಡ ತಯಾರಿ ಇದು. ಗಣಿತದ ಪತ್ರಿಕೆ ಎದುರಾದರೂ ದೇಹ ಮಾಡುವುದು ಅದೇ ತಯಾರಿ. ಓಡುವುದಕ್ಕೆ ಜಾಗ ಇಲ್ಲ, ಹುಡುಗಿ ಬೆಂಚಿನ ಮೇಲೆ ಕೂತಿದ್ದಾಳೆ, ಹೊಟ್ಟೆ ಮಾತ್ರ ಹಿಂಡುತ್ತದೆ.

ಒಂದು ಗಂಟೆ ಹೀಗಾದರೆ ಏನೂ ತೊಂದರೆ ಇಲ್ಲ. ಸ್ವಲ್ಪ ಒತ್ತಡ ಬೇಕು ಕೂಡ, ಅದಿಲ್ಲದೆ ಯಾರೂ ಪುಸ್ತಕ ತೆಗೆಯುವುದಿಲ್ಲ. ಕಷ್ಟ ಇರುವುದು ವಾರಗಟ್ಟಲೆ ಹಾಗೇ ಇದ್ದರೆ. ಹಾನ್ಸ್ ಸೆಲ್ಯೆ ಅಂತ ಒಬ್ಬ ವಿಜ್ಞಾನಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಇಲಿಗಳ ಮೇಲೆ ಕೆಲಸ ಮಾಡಿ 1936ರಲ್ಲಿ ಇದನ್ನು ಬರೆದ. ಚಳಿ ಇರಲಿ, ಗಾಯ ಇರಲಿ, ಅತಿಯಾದ ದಣಿವಿರಲಿ, ಕಷ್ಟ ಯಾವುದಾದರೂ ಇಲಿಗಳ ದೇಹ ಒಂದೇ ಥರ ಕೆಡುತ್ತಿತ್ತು. ಮೊದಲು ಗಾಬರಿ, ಆಮೇಲೆ ಹೇಗೋ ತಡೆದುಕೊಳ್ಳುವುದು, ಕೊನೆಗೆ ಸೋಲುವುದು ಅಂತ ಅವನು ಮೂರು ಹಂತ ಗುರುತಿಸಿದ. ಆ ನಡುವಿನ ಹಂತ ನನಗೆ ತುಂಬಾ ಚಿಂತೆ ಕೊಡುತ್ತದೆ. ಯಾಕೆಂದರೆ ತಡೆದುಕೊಳ್ಳುತ್ತಿರುವ ಮಗು ಹೊರಗೆ ಸರಿಯಾಗಿಯೇ ಕಾಣುತ್ತದೆ. ಓದುತ್ತದೆ, ಬರೆಯುತ್ತದೆ, ಕೇಳಿದರೆ ಏನಿಲ್ಲ ಅನ್ನುತ್ತದೆ.

ಇನ್ನು ಆ ಹನ್ನೊಂದು ಫೋಟೋಗಳ ವಿಷಯ. ಇದಕ್ಕೆ ಸಂಬಂಧಪಟ್ಟ ಒಂದು ಪ್ರಯೋಗ ಇದೆ, ನಾನು ಎಷ್ಟೋ ವರ್ಷಗಳಿಂದ ಹೊಸ ಶಿಕ್ಷಕರಿಗೆಲ್ಲ ಹೇಳುತ್ತಾ ಬಂದಿದ್ದೇನೆ, ಇವತ್ತು ನಿಮಗೂ ಹೇಳುತ್ತೇನೆ. ಸಾಲಮನ್ ಆಶ್ ಅಂತ ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಮನೋವಿಜ್ಞಾನಿ. 1951ರಲ್ಲಿ ಅವನು ಪ್ರಕಟಿಸಿದ ಪ್ರಯೋಗ ಇದು. ಕಣ್ಣಿನ ಪರೀಕ್ಷೆ ಅಂತ ಹೇಳಿ ಕಾಲೇಜು ಹುಡುಗರನ್ನು ಸಾಲಾಗಿ ಕೂರಿಸುತ್ತಿದ್ದ. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲನೆಯದರಷ್ಟೇ ಉದ್ದ ಇದೆ ಅಂತ ಒಬ್ಬೊಬ್ಬರೇ ಜೋರಾಗಿ ಹೇಳಬೇಕು. ಒಂದನೇ ಕ್ಲಾಸಿನ ಮಗುವೂ ಹೇಳುವಷ್ಟು ಸುಲಭ. ಆದರೆ ಆ ಸಾಲಿನಲ್ಲಿ ಒಬ್ಬ ಹುಡುಗನನ್ನು ಬಿಟ್ಟು ಉಳಿದವರೆಲ್ಲ ಆಶ್ ಮೊದಲೇ ಹೇಳಿಕೊಟ್ಟು ಕೂರಿಸಿದವರು. 18 ಸುತ್ತುಗಳಲ್ಲಿ 12 ಸಲ ಅವರೆಲ್ಲ ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಏನೂ ಗೊತ್ತಿಲ್ಲದ ಆ ಹುಡುಗನ ಸರದಿ ಹೆಚ್ಚು ಕಡಿಮೆ ಕೊನೆಗೆ ಬರುತ್ತಿತ್ತು.

ಏನಾಯಿತು ಗೊತ್ತಾ? ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ತಪ್ಪು ಉತ್ತರವನ್ನೇ ಹೇಳಿದರು. ಆ 12 ಸಲದ ಒಟ್ಟು ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಉತ್ತರ ಹೀಗೆ ತಪ್ಪಾಯಿತು. ಕಣ್ಣೆದುರಿಗೆ ಗೆರೆ ಇದೆ, ಯಾವುದು ಉದ್ದ ಅಂತ ಕಾಣುತ್ತಿದೆ, ಆದರೂ. ಆಮೇಲೆ ವಿಚಾರಿಸಿದರೆ ಕೆಲವರು ನನ್ನ ಕಣ್ಣೇ ಸರಿ ಇಲ್ಲವೇನೋ ಅನ್ನಿಸಿತು ಅಂದರಂತೆ. ಇನ್ನು ಕೆಲವರಿಗೆ ಸರಿ ಉತ್ತರ ಗೊತ್ತಿತ್ತು, ಎಲ್ಲರ ನಡುವೆ ನಾನೊಬ್ಬನೇ ಬೇರೆ ಹೇಳುವುದು ಹೇಗೆ ಅಂತ ಸುಮ್ಮನಾದರು.

ನಮ್ಮ ತರಗತಿಯಲ್ಲಿ ಇದು ದಿನಾ ನಡೆಯುತ್ತದೆ. ಪಾಠ ಮುಗಿಸಿ "ಅರ್ಥ ಆಯ್ತಾ?" ಅಂದರೆ ನಲವತ್ತು ಮಕ್ಕಳೂ ಒಂದೇ ರಾಗದಲ್ಲಿ "ಆಯ್ತು ಮಿಸ್" ಅನ್ನುತ್ತಾರೆ. ಅರ್ಥ ಆಗದವನೂ ಅನ್ನುತ್ತಾನೆ. ಪಕ್ಕದವನಿಗೂ ಆಗಿಲ್ಲ ಅನ್ನುವುದು ಅವನಿಗೆ ಗೊತ್ತಿಲ್ಲ. ಆಶ್ ಇದನ್ನೂ ನೋಡಿದ್ದ, ಉತ್ತರವನ್ನು ಜೋರಾಗಿ ಹೇಳುವ ಬದಲು ಚೀಟಿಯಲ್ಲಿ ಬರೆಯಿರಿ ಅಂದಾಗ ಗುಂಪಿನ ಹಿಂದೆ ಹೋಗುವವರು ತುಂಬಾ ಕಡಿಮೆಯಾದರು. ಹಾಗಾಗಿ ಈ ವರ್ಷ ಜೂನ್‌ನಿಂದ ನಮ್ಮ ಗಣಿತ, ವಿಜ್ಞಾನದ ಶಿಕ್ಷಕರು ಶುಕ್ರವಾರ ಮಕ್ಕಳಿಂದ ಚೀಟಿ ಬರೆಸುತ್ತಿದ್ದಾರೆ. ಹೆಸರು ಬೇಡ, ಅರ್ಥ ಆಗದ್ದನ್ನು ಮಾತ್ರ ಬರೆಯಿರಿ ಅಂತ. ಮೊದಲ ವಾರ ತ್ರಿಕೋನಮಿತಿ ಅಂತ ಬರೆದವರು ಇಪ್ಪತ್ತಾರು ಮಕ್ಕಳು! ಹಿಂದಿನ ದಿನ ಅವರೆಲ್ಲ ಆಯ್ತು ಅಂದವರೇ.

ಪಿಯುಗೆ ಯಾವ ವಿಷಯ ತಗೋತೀಯ ಅಂತ ಕೇಳಿದಾಗಲೂ ಇದೇ. ಹೋದ ವರ್ಷ ಒಬ್ಬ ಹುಡುಗ, ಸಮಾಜ ವಿಜ್ಞಾನದ ಪಿರಿಯಡ್ಡು ಬಂದರೆ ಮುಖ ಅರಳುತ್ತಿದ್ದ ಹುಡುಗ, ಸೈನ್ಸ್ ತಗೋತೀನಿ ಮಿಸ್ ಅಂದ. ಯಾಕಪ್ಪಾ ಅಂದೆ. "ಎಲ್ಲಾರೂ ತಗೋತಿದಾರೆ ಮಿಸ್." ಬೇರೆ ಕಾರಣ ಇರಲಿಲ್ಲ. ಸೈನ್ಸ್ ಒಳ್ಳೆಯದೇ, ಇಷ್ಟಪಟ್ಟು ತೆಗೆದುಕೊಂಡವರಿಗೆ.

ಈಗ ನಾನು ನಿಮಗೆ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಆಶ್ ಆ ಸಾಲಿನಲ್ಲಿ ಒಂದೇ ಒಂದು ಬದಲಾವಣೆ ಮಾಡಿದ. ಎಲ್ಲರೂ ತಪ್ಪು ಹೇಳುವಾಗ ಒಬ್ಬ ಮಾತ್ರ ಸರಿ ಉತ್ತರ ಹೇಳಲಿ ಅಂತ ಏರ್ಪಾಟು ಮಾಡಿದ. ಅಷ್ಟಕ್ಕೇ ಗುಂಪಿನ ಹಿಂದೆ ಹೋಗುವುದು ಹೆಚ್ಚು ಕಡಿಮೆ ಕಾಲು ಭಾಗಕ್ಕೆ ಇಳಿಯಿತು. ಒಬ್ಬನೇ ಒಬ್ಬ ಜೊತೆಗಿದ್ದರೆ ಸಾಕಾಯಿತು. 1960ರ ದಶಕದ ಶುರುವಿನಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಮಾಡಿದ ಪ್ರಯೋಗದಲ್ಲೂ ಇದೇ ಕಂಡಿತು. ಅಲ್ಲಿ ಮೇಲಿನವರು ಹೇಳಿದರು ಅಂತ 40 ಜನರಲ್ಲಿ 26 ಮಂದಿ ಇನ್ನೊಬ್ಬರಿಗೆ 450 ವೋಲ್ಟ್ ಶಾಕ್ ಕೊಡುವ ಸ್ವಿಚ್ ಒತ್ತಿದರು. ಶಾಕ್ ನಿಜದ್ದಲ್ಲ, ಆದರೆ ಅವರಿಗೆ ಅದು ಗೊತ್ತಿರಲಿಲ್ಲ. ಅದೇ ಪ್ರಯೋಗವನ್ನು ಬೇರೆ 40 ಜನರ ಜೊತೆ ಸ್ವಲ್ಪ ಬದಲಿಸಿ ಮಾಡಿದಾಗ, ಪಕ್ಕದಲ್ಲಿ ಕೂತ ಇಬ್ಬರು ಮೊದಲೇ ಹೇಳಿಕೊಟ್ಟ ಹಾಗೆ ಇದು ನಮ್ಮಿಂದ ಆಗದು ಅಂತ ಎದ್ದುಬಿಟ್ಟರು, ಆಗ ಕೊನೆಯವರೆಗೂ ಹೋದವರು 40ರಲ್ಲಿ 4 ಜನ ಮಾತ್ರ.

ನಿಮ್ಮ ಮಗುವಿಗೆ ಆ ಒಬ್ಬರು ನೀವಾಗಬೇಕು. ಸ್ಕೂಲಿನಲ್ಲಿ ಅಂಕ, ಟ್ಯೂಷನ್ನಿನಲ್ಲಿ ಅಂಕ, ಮದುವೆ ಮನೆಗೆ ಹೋದರೆ ಊಟದ ಎಲೆಯ ಮುಂದೆಯೂ "ಎಷ್ಟು ಪರ್ಸೆಂಟ್ ಬರುತ್ತಪ್ಪಾ?" ಇಷ್ಟು ಜನ ಒಂದೇ ಮಾತು ಹೇಳುವಾಗ ಮನೆಯವರೂ ಅದನ್ನೇ ಹೇಳಿದರೆ ಆ ಸಾಲಿನಲ್ಲಿ ಮಗು ಒಂಟಿ. ಚಿಕ್ಕಪ್ಪ ಫೋನ್ ಮಾಡಿ ಅಂಕ ಕೇಳಿದಾಗ ನೀವು ಮಗುವಿನ ಎದುರಿಗೇ "ಓದ್ತಾ ಇದಾಳೆ, ಚೆನ್ನಾಗಿದಾಳೆ, ಅಂಕ ಆಮೇಲೆ ನೋಡೋಣ" ಅಂದು ನೋಡಿ. ಅದನ್ನು ಅವಳು ಕೇಳಿಸಿಕೊಳ್ಳುತ್ತಾಳೆ, ಪುಸ್ತಕದಿಂದ ತಲೆ ಎತ್ತದಿದ್ದರೂ ಕೇಳಿಸಿಕೊಳ್ಳುತ್ತಾಳೆ.

ನಾವೂ ತಪ್ಪು ಮಾಡಿದ್ದೇವೆ. ಎರಡು ವರ್ಷದ ಹಿಂದಿನವರೆಗೂ ಪ್ರತಿ ಪರೀಕ್ಷೆಯ ನಂತರ ರ‍್ಯಾಂಕ್ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೆವು. ಅದಕ್ಕೆ ಸಹಿ ಹಾಕುತ್ತಿದ್ದವಳು ನಾನೇ. ಪಟ್ಟಿಯ ಕೊನೆಯಲ್ಲಿದ್ದ ಮಕ್ಕಳು ಆ ಬೋರ್ಡಿನ ಮುಂದೆ ಹೋಗಬಾರದು ಅಂತ ಹಿಂದಿನ ಗೇಟಿನಿಂದ ಓಡಾಡುತ್ತಿದ್ದರು ಅನ್ನುವುದು ನನಗೆ ತುಂಬಾ ತಡವಾಗಿ ಗೊತ್ತಾಯಿತು. ಆ ಮಕ್ಕಳ ಬಗ್ಗೆ ಇವತ್ತಿಗೂ ನನಗೆ ನೋವಿದೆ. ಇನ್ನು ಮುಂದೆ ಅಂಕಗಳನ್ನು ಮಗುವಿಗೂ ನಿಮಗೂ ಮಾತ್ರ ಕೊಡುತ್ತೇವೆ. ಗ್ರೂಪಿನಲ್ಲಿ ಅಂಕದ ಫೋಟೋ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ನಿಮ್ಮ ಸಂತೋಷವನ್ನು ನನಗೆ ಫೋನ್ ಮಾಡಿ ಹೇಳಿ, ನಿಜವಾಗಿ ಖುಷಿಪಡುತ್ತೇನೆ.

ಉಳಿದದ್ದು ಸಣ್ಣ ಸಣ್ಣ ವಿಷಯ. ರಾತ್ರಿ ಹತ್ತೂವರೆ ಒಳಗೆ ಮಲಗಿಸಿ, ಓದಿದ್ದು ತಲೆಯಲ್ಲಿ ನಿಲ್ಲುವುದಕ್ಕೆ ನಿದ್ದೆ ಬೇಕೇಬೇಕು. ಬೆಳಿಗ್ಗೆ ಒಂದು ದೋಸೆಯಾದರೂ ತಿಂದು ಬರಲಿ. ಸಂಜೆ ಅರ್ಧ ಗಂಟೆ ಆಡುವುದಕ್ಕೆ ಬಿಡಿ, ಮಾರ್ಚ್ ಹತ್ತಿರ ಬಂತು ಅಂತ ಅದನ್ನು ನಿಲ್ಲಿಸಬೇಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಡಿಮೆ ಬಂದರೆ ಅದೇ ವರ್ಷ ಪರೀಕ್ಷೆ-2 ಇದೆ ಅನ್ನುವುದನ್ನು ಮಗುವಿಗೆ ಈಗಲೇ, ಸಮಾಧಾನದಲ್ಲಿ ಇರುವಾಗ ಹೇಳಿ.

ಆದರೆ ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ವಾರ ಆದರೂ ಮಗು ಸರಿಯಾಗಿ ಊಟ ಮಾಡುತ್ತಿಲ್ಲ, ಇಷ್ಟಪಟ್ಟು ಮಾಡುತ್ತಿದ್ದದ್ದನ್ನೆಲ್ಲ ಬಿಟ್ಟಿದೆ, ಇರೋದೇ ಬೇಡ ಅನ್ನುವ ಥರ ಒಂದು ಸಲ ಮಾತಾಡಿತು ಅಂದರೂ ಸರಿ, ಅವತ್ತೇ ಯಾರಿಗಾದರೂ ಹೇಳಿ. 14416ಕ್ಕೆ ಫೋನ್ ಮಾಡಬಹುದು, ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗುವೇ ಮಾಡಬಹುದು, ನೀವೂ ಮಾಡಬಹುದು. ನನಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ತೊಂದರೆ ಇಲ್ಲ.

ಈ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಸಭೆ ಇದೆ. ಆದಷ್ಟು ಅಪ್ಪ ಅಮ್ಮ ಇಬ್ಬರೂ ಬನ್ನಿ. ಕೂಲಿ ಕೆಲಸ, ಗಾರ್ಮೆಂಟ್ಸ್ ಕೆಲಸ ಬಿಟ್ಟು ಬರಲು ಆಗದವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ, ನಾನು ಶಾಲೆಯಲ್ಲೇ ಇರುತ್ತೇನೆ. ಮಕ್ಕಳಿಗೆ ಕೊಡುವ ಹಾಗೆ ನಿಮಗೂ ಒಂದೊಂದು ಚೀಟಿ ಕೊಡುತ್ತೇವೆ. ಎಲ್ಲರೆದುರು ಕೇಳಲು ಸಂಕೋಚ ಆಗುವುದನ್ನು ಅದರಲ್ಲಿ ಬರೆದು ಡಬ್ಬಿಗೆ ಹಾಕಿ, ಹೆಸರು ಬೇಡ. ಬರೆಯಲು ಬಾರದವರು ಕಚೇರಿಗೆ ಬಂದು ನನ್ನ ಹತ್ತಿರ ಬಾಯಲ್ಲೇ ಹೇಳಿ.

ಇಂತಿ,
ನಿಮ್ಮ ಮಕ್ಕಳ ಮುಖ್ಯ ಶಿಕ್ಷಕಿ