ಪೊರೆ ಹಣ್ಣಾಗುವ ತನಕ ಕಾಯಬೇಡಿ, ಅಪ್ಪ

ಕಾನ್ಸಾಸ್ ಸಿಟಿ
ಅಕ್ಟೋಬರ್ 12

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರ.

ನಾನು ಕ್ಷೇಮ. ಅವ್ವನಿಗೂ ನಮಸ್ಕಾರ ಹೇಳಿರಿ. ಶೇಂಗಾ ಚಟ್ನಿ, ಅಮೀನಗಡದ ಕರದಂಟು ಎರಡೂ ಬಂದು ಮುಟ್ಟಿದವು. ಶ್ವೇತಾ, ಇದನ್ನು ಅಜ್ಜನಿಗೆ ನಿಧಾನವಾಗಿ ಓದಿ ಹೇಳು. ನಡುವೆ ಏನೂ ಬಿಡಬೇಡ. ಅಜ್ಜ ಬೈದರೂ ಬಿಡಬೇಡ.

ಕರದಂಟಿನ ಡಬ್ಬಿಯ ತಳದಲ್ಲಿ ಅಕ್ಕನ ಪತ್ರ ಇತ್ತು. ಫೋನಿನಲ್ಲಿ ಹೇಳಲು ಆಗುವುದಿಲ್ಲ, ಅಪ್ಪ ಪಕ್ಕದಲ್ಲೇ ಕುಳಿತಿರುತ್ತಾರೆ ಅಂತ ಬರೆದು ಇಟ್ಟಿದ್ದಾಳೆ. ಅವಳ ಮೇಲೆ ಸಿಟ್ಟು ಮಾಡಬೇಡಿ. ನಾನು ಪ್ರತಿ ಭಾನುವಾರ ಕೇಳುತ್ತೇನೆ, ನೀವು ಪ್ರತಿ ಭಾನುವಾರ "ಕಣ್ಣು ಚಲೋ ಐತಿ" ಅಂತ ಹೇಳಿ ಫೋನ್ ಅವ್ವನ ಕೈಗೆ ಕೊಡುತ್ತೀರಿ. ಬಲಗಣ್ಣಿಗೆ ಪೊರೆ ಬಂದಿದೆಯಂತೆ. ಉಳಿ ಜಾರಿ ಎಡಗೈ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬಿದ್ದಿವೆಯಂತೆ. ಬಸಣ್ಣ ಕಾಕಾನ ಮನೆಯ ಚೌಕಟ್ಟು ಅರ್ಧ ಇಂಚು ಓರೆಯಾಗಿ, ಮತ್ತೆ ಬಿಚ್ಚಿ ಕೂಡಿಸಿದಿರಂತೆ.

ಹೊಲಿಗೆಗಿಂತ ಚೌಕಟ್ಟಿನ ಮಾತು ಓದಿ ನನಗೆ ಜಾಸ್ತಿ ಹೆದರಿಕೆ ಆಯಿತು. ನೀವು ಹಲಗೆ ಎತ್ತಿ, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದರ ಅಂಚು ನೋಡುವುದನ್ನು ನೋಡುತ್ತಲೇ ನಾನು ಬೆಳೆದವನು. ಒಂದು ನೂಲಿನಷ್ಟು ಸೊಟ್ಟ ಇದ್ದರೂ ಗೊತ್ತಾಗುತ್ತಿತ್ತು. ಈಗ ಎಡಗಣ್ಣಿನಿಂದ ನೋಡುತ್ತೀರಂತೆ. ಅಕ್ಕನಿಗೆ ಇದು ಗೊತ್ತಾಗಿದೆ ಅಂದರೆ ಊರಿಗೆಲ್ಲ ಗೊತ್ತಾಗಿದೆ ಅಂತಲೇ ಅರ್ಥ.

ಕಣ್ಣಿನ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಾನು ಮರದಲ್ಲಿ ಕಟ್ಟುತ್ತಿರುವ ಮಾದರಿ ಹಡಗಿನ ಸುದ್ದಿ ಹೇಳುತ್ತೇನೆ. ನೀವು ಅದನ್ನು ಕೇಳುತ್ತಲೇ ಇದ್ದಿರಿ, ನಾನು ಫೋನಿನಲ್ಲಿ ಸರಿಯಾಗಿ ಹೇಳಿರಲಿಲ್ಲ. ಅವ್ವನಿಗಂತೂ ನಾನು ಇಲ್ಲಿ ಆಟಿಗೆ ಮಾಡುತ್ತಾ ಕುಳಿತಿದ್ದೇನೆ ಅಂತ ಅನಿಸಿದೆ. ಇದು ಆಟಿಗೆ ಅಲ್ಲ ಅವ್ವ.

ಇಲ್ಲಿ ಮಿಸ್ಸೂರಿ ಅಂತ ನದಿ ಇದೆ. ನಮ್ಮ ಕೃಷ್ಣೆಯ ಹಾಗೆ ಮಣ್ಣು ಬೆರೆತ ನೀರು. ರೈಲು ಬರುವ ಮೊದಲು ಈ ನದಿಯೇ ದಾರಿ. ಉಗಿಯಿಂದ ಗಾಲಿ ತಿರುಗಿಸಿ ಓಡುವ ಮರದ ಹಡಗುಗಳು ಇದರಲ್ಲಿ ಸಾಮಾನು ಹೊತ್ತು ಮೇಲಕ್ಕೆ ಹೋಗುತ್ತಿದ್ದವು. ಅಂಥದ್ದೇ ಒಂದು ಹಡಗು ಅರೇಬಿಯಾ. 1853ರಲ್ಲಿ ಕಟ್ಟಿದ್ದು, 171 ಅಡಿ ಉದ್ದ, ಎರಡು ಮಗ್ಗುಲಿಗೂ 28 ಅಡಿ ಎತ್ತರದ ಒಂದೊಂದು ಗಾಲಿ. 1856ರ ಸೆಪ್ಟೆಂಬರ್ 5ರ ಸಂಜೆ ಈ ಊರಿನ ಹತ್ತಿರವೇ ಮುಳುಗಿತು. ಪ್ರವಾಹಕ್ಕೆ ಬಿದ್ದ ಅಕ್ರೋಟ್ ಮರದ ಬೊಡ್ಡೆಯೊಂದು ನೀರಿನ ಕೆಳಗೆ ಕೆಸರಿನಲ್ಲಿ ಹೂತು ನಿಂತಿತ್ತು. ಅದು ಯಾರಿಗೂ ಕಾಣಲಿಲ್ಲ. ತಳಕ್ಕೆ ತೂತು ಬಿತ್ತು, ಕೆಲವೇ ನಿಮಿಷದಲ್ಲಿ ಹಡಗು ತಳ ಕಂಡಿತು. ಮೇಲಿನ ಅಂತಸ್ತು ನೀರಿನ ಮೇಲೆ ಉಳಿದಿದ್ದರಿಂದ ಜನರೆಲ್ಲ ಬದುಕಿದರು. ಕಟ್ಟಿಹಾಕಿದ್ದ ಒಂದು ಹೇಸರಗತ್ತೆ ಮಾತ್ರ ಸತ್ತಿತು.

ಆಮೇಲೆ ನದಿಯೇ ಜಾಗ ಬದಲಿಸಿತು ಅಪ್ಪ. ಅರ್ಧ ಮೈಲಿ ಆಚೆಗೆ ಸರಿಯಿತು. ಹಡಗಿನ ಮೇಲೆ ಮಣ್ಣು ಕೂತು, ಅಲ್ಲಿ ಮೆಕ್ಕೆಜೋಳ ಬೆಳೆಯತೊಡಗಿದರು. 1988ರಲ್ಲಿ ಹಾಲಿ ಅನ್ನುವ ಮನೆತನದ ತಂದೆ, ಇಬ್ಬರು ಮಕ್ಕಳು, ಜೊತೆಗೆ ಅವರ ಗೆಳೆಯರು ಸೇರಿ ಆ ಹೊಲ ಅಗೆದರು. ಸರ್ಕಾರ ಮಾಡಿದ್ದಲ್ಲ, ಸ್ವಂತ ರೊಕ್ಕ ಹಾಕಿ ಮಾಡಿದ್ದು. 45 ಅಡಿ ಆಳದಲ್ಲಿತ್ತು. ಸುತ್ತ ಬಾವಿ ತೋಡಿ, ಪಂಪು ಇಟ್ಟು, ಹಗಲು ರಾತ್ರಿ ನೀರು ಹೊರಗೆ ಹಾಕಿದರಂತೆ. ಸಿಕ್ಕ ಸಾಮಾನನ್ನೆಲ್ಲ ಈ ಊರಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ನಾನು ನಾಲ್ಕು ಸಲ ಹೋಗಿ ಬಂದೆ. ಬೂಟು, ಪಿಂಗಾಣಿ, ಗುಂಡಿ, ಬಾಟಲಿಯಲ್ಲಿ ಹಾಕಿದ ಉಪ್ಪಿನಕಾಯಿ, ಎಲ್ಲ ಇದೆ. ಆ ಉಪ್ಪಿನಕಾಯಿಯನ್ನು ಅಗೆದವರು ತಿಂದೂ ನೋಡಿದರಂತೆ, ಕೆಟ್ಟಿರಲಿಲ್ಲ.

ಆದರೆ ನಾನು ಪ್ರತಿ ಸಲ ಹೋಗಿ ನಿಲ್ಲುವುದು ಬಡಗಿಯ ಸಾಮಾನಿನ ಮುಂದೆ. ಹೊಸ ಊರು ಕಟ್ಟಲು ಹೊರಟವರ ಅಂಗಡಿಗೆ ಒಯ್ಯುತ್ತಿದ್ದ ಸರಕು ಅದು. ಗರಗಸ, ಸುತ್ತಿಗೆ, ಕೊಡಲಿ, ಬಾಗಿಲಿನ ಹಿಡಿಕೆ, ಮೊಳೆ. 132 ವರ್ಷ ಕೆಸರಿನಲ್ಲಿದ್ದು ಬಂದ ಸಾಮಾನು. ಆಲಮಟ್ಟಿ ಹಿನ್ನೀರು ಬರುವ ಮೊದಲು ನೀವು ಹಳೆ ಮನೆಯ ತಲಬಾಗಿಲನ್ನು ಚೌಕಟ್ಟಿನ ಸಮೇತ ಬಿಚ್ಚಿ ಬಂಡಿಯಲ್ಲಿ ನವನಗರಕ್ಕೆ ತಂದಿರಲ್ಲ, ಅದು ನೆನಪಾಯಿತು. ಎಲ್ಲರೂ ಹಂಚು, ಕಬ್ಬಿಣ ತಂದರು. ನೀವು ಮೊದಲು ಬಾಗಿಲು ತಂದಿರಿ.

ಆ ಹಡಗನ್ನೇ ನಾನು ಕಟ್ಟುತ್ತಿರುವುದು. ಅಳತೆ 48ಕ್ಕೆ 1. ಅಂದರೆ ನಿಜ ಹಡಗಿನ ಒಂದು ಅಡಿ ನನ್ನಲ್ಲಿ ಕಾಲು ಇಂಚು. ಉದ್ದ ಮೂರೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಗಾಲಿ ಸರಿಯಾಗಿ ಏಳು ಇಂಚು. ಬಾಸ್‌ವುಡ್ ಅನ್ನುವ ಮೆತ್ತನೆ ಬಿಳಿ ಮರ ಬಳಸುತ್ತೇನೆ. ಎಳೆ ಕಾಣುವುದಿಲ್ಲ, ಚಾಕುವಿಗೇ ಕೊಯ್ಯುತ್ತದೆ, ಸೀಳುವುದಿಲ್ಲ. ನಮ್ಮ ಸಾಗವಾನಿ ಈ ಕೆಲಸಕ್ಕೆ ಬರುವುದಿಲ್ಲ, ಅದರ ಎಳೆ ಈ ಅಳತೆಗೆ ತುಂಬಾ ದಪ್ಪ ಕಾಣುತ್ತದೆ. ಮೊದಲು ನಡುವೆ ಉದ್ದಕ್ಕೆ ಒಂದು ಹಲಗೆ, ಅದಕ್ಕೆ ಅಡ್ಡಡ್ಡ ಪಕ್ಕೆಲುಬಿನ ಹಾಗೆ ತುಂಡುಗಳು, ಅದರ ಮೇಲೆ ಸಣ್ಣ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸುತ್ತಾ ಹೋಗುವುದು. ಹಡಗಿನ ತಳ ಚಪ್ಪಟೆ, ಆದ್ದರಿಂದ ನಡುಭಾಗ ಸುಲಭ. ಮೂತಿಯ ಹತ್ತಿರ ಮಾತ್ರ ಪಟ್ಟಿ ಬಾಗಬೇಕು. ಬಿಸಿನೀರಿನಲ್ಲಿ ನೆನೆಸಿ, ಕಾದ ಕೊಳವೆಯ ಮೇಲೆ ಒತ್ತಿ ಬಾಗಿಸುತ್ತೇನೆ. ಮೊದಲ ದಿನ ಹನ್ನೊಂದು ಪಟ್ಟಿ ಮುರಿದವು. "ಅವಸರ ಮಾಡಬೇಡ, ಮರ ತಾನೇ ಬರತೈತಿ" ಅಂತ ನೀವು ಹೇಳುತ್ತಿದ್ದುದು ನೆನಪಾಗಿ, ಇನ್ನೂ ಹತ್ತು ನಿಮಿಷ ನೆನೆಯಲು ಬಿಟ್ಟೆ. ಹನ್ನೆರಡನೆಯದು ಬಂತು.

ಒಂದು ವಿಷಯ ನಿಮಗೆ ತುಂಬಾ ಹಿಡಿಸುತ್ತದೆ. ಈ ನದಿ ಆಳ ಇಲ್ಲ, ಮರಳಿನ ದಿಬ್ಬ ಜಾಸ್ತಿ. ಅದಕ್ಕೆ ಹಡಗನ್ನು ಉದ್ದಕ್ಕೆ, ಅಗಲಕ್ಕೆ, ತೆಳ್ಳಗೆ ಕಟ್ಟಬೇಕಿತ್ತು. ಆದರೆ ಅಷ್ಟು ಉದ್ದದ ತೆಳ್ಳನೆ ಮರಕ್ಕೆ ಬಾಯ್ಲರ್, ಎಂಜಿನ್, ಸರಕು ಹೇರಿದರೆ ಏನಾಗುತ್ತದೆ? ಮೂತಿ, ಬಾಲ ಎರಡೂ ಜೋತು ಬೀಳುತ್ತವೆ, ನಡು ಉಬ್ಬುತ್ತದೆ. ತೊಲೆ ಬಾಗಿದರೆ ನಾವು ಕೆಳಗಿನಿಂದ ಕಂಬ ಕೊಡುತ್ತೇವೆ. ನೀರಿನಲ್ಲಿ ಕಂಬ ಎಲ್ಲಿ ಕೊಡುವುದು? ಅವರು ಹಡಗಿನ ಒಳಗೇ ಕಂಬ ನಿಲ್ಲಿಸಿ, ಮೂತಿಯಿಂದ ಬಾಲದ ತನಕ ಆ ಕಂಬಗಳ ತಲೆಯ ಮೇಲೆ ಕಬ್ಬಿಣದ ಸರಳು ಎಳೆದು ಕಟ್ಟಿದರು. ನಡುವೆ ತಿರುಪು ಇರುತ್ತದೆ. ಹಡಗು ಜೋತಿತು ಅನಿಸಿದರೆ ತಿರುಪು ಬಿಗಿ ಮಾಡಿ ಎತ್ತುವುದು. ಹಾಗ್ ಚೈನ್ ಅನ್ನುತ್ತಾರೆ. ಚೈನ್ ಅಂದರೂ ಅದು ಸರಳೇ. ನಾನು ಅದಕ್ಕೆ ಹಿತ್ತಾಳೆ ತಂತಿ ಹಾಕಿದ್ದೇನೆ. ಎಷ್ಟೋ ಮಂದಿ ಮಾದರಿ ಕಟ್ಟುವಾಗ ಇದನ್ನು ಬಿಟ್ಟುಬಿಡುತ್ತಾರೆ. ಅದಿಲ್ಲದ ಹಡಗು ನೋಡಲು ಚಂದ ಇದ್ದರೂ ಸುಳ್ಳು ಹಡಗು.

ಇಲ್ಲಿಯ ಜನಕ್ಕೆ ಇದರ ಮೇಲೆ ಎಷ್ಟು ಗೌರವ ಅಂತೀರಿ! ಪಕ್ಕದ ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ನಾನು ಮನಸ್ಸಿನಲ್ಲಿ ಕಾಕಾ ಅಂತಲೇ ಕರೆಯುತ್ತೇನೆ. ಒಂದೇ ಹಡಗಿಗೆ ಒಂಬತ್ತು ವರ್ಷ ಕೊಟ್ಟಿದ್ದಾರೆ. ಮನೆಯ ನೆಲಮಾಳಿಗೆಯೇ ಕೆಲಸದ ಕೋಣೆ. "ಇದರಿಂದ ಏನು ಲಾಭ" ಅಂತ ಯಾರೂ ಕೇಳುವುದಿಲ್ಲ. ನಮ್ಮ ಅಪ್ಪ ಬಾದಾಮಿಯ ಬನಶಂಕರಿ ಜಾತ್ರೆಗೆ ಬಾಗಿಲು ಮಾಡಿಕೊಂಡು ಹೋಗುತ್ತಾರೆ, ಆ ಜಾತ್ರೆಯಲ್ಲಿ ಸಾಲಾಗಿ ಬಾಗಿಲು, ಚೌಕಟ್ಟು ನಿಲ್ಲಿಸಿ ಮಾರುತ್ತಾರೆ ಅಂತ ಹೇಳಿ ಫೋಟೋ ತೋರಿಸಿದೆ. ಕಾಕಾ ಆ ಕೆತ್ತನೆಯನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಆಮೇಲೆ ಕೇಳಿದರು, ಇವರ ಕಣ್ಣು ಹೇಗಿದೆ ಅಂತ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಈ ಕಾಕಾನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು ಅಪ್ಪ. ವಯಸ್ಸು 74, ನಿಮಗಿಂತ ಆರು ವರ್ಷ ದೊಡ್ಡವರು. ಆಸ್ಪತ್ರೆಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಬೆಳಿಗ್ಗೆ ಹೋದವರು ಮಧ್ಯಾಹ್ನ ಮನೆಯಲ್ಲಿ ಊಟ ಮಾಡಿದರು. ಕಣ್ಣಿಗೆ ಮಾತ್ರ ಮರಗಟ್ಟುವ ಔಷಧಿ, ಎಚ್ಚರ ಇದ್ದೇ ಇರುತ್ತದೆ. ಮೂರು ಮಿಲಿಮೀಟರ್‌ಗಿಂತ ಸಣ್ಣ ಗಾಯ ಮಾಡಿ, ಮಬ್ಬಾದ ಮಸೂರವನ್ನು ಒಳಗೇ ಪುಡಿ ಮಾಡಿ ಹೀರಿ ತೆಗೆದು, ಅದೇ ಜಾಗಕ್ಕೆ ಹೊಸ ಮಸೂರ ಕೂಡಿಸುತ್ತಾರೆ. ಹಳೆ ಗಾಜು ತೆಗೆದು ಅದೇ ಚೌಕಟ್ಟಿಗೆ ಹೊಸ ಗಾಜು ಹಾಕಿದ ಹಾಗೆ. ಎರಡು ಕಣ್ಣು ಒಂದೇ ದಿನ ಮಾಡಲಿಲ್ಲ, ಒಂದಾದ ಮೇಲೆ ಒಂದು. ಈಗ ಅವರು ಹಡಗಿನ ಮೇಲೆ ಕೂದಲಿನಷ್ಟು ಸಣ್ಣ ದಾರ ಕಟ್ಟುತ್ತಾರೆ. ಬಿಳಿ ಬಣ್ಣ ಇಷ್ಟು ಬಿಳಿ ಅಂತ ಮರೆತೇ ಹೋಗಿತ್ತು ಅಂದರು.

ನೀವು ಪೊರೆ ಹಣ್ಣಾಗಲಿ ಅಂತ ಕಾಯುತ್ತಿದ್ದೀರಂತೆ. ಅದು ಹಳೆ ಕಾಲದ ಮಾತು. ಆಗ ಮಸೂರ ಗಟ್ಟಿಯಾದ ಮೇಲೆ ಇಡಿಯಾಗಿ ತೆಗೆಯುತ್ತಿದ್ದರು, ಅದಕ್ಕೆ ಕಾಯಿರಿ ಅನ್ನುತ್ತಿದ್ದರು. ಈಗ ಕಾದಷ್ಟೂ ಅದು ಗಟ್ಟಿಯಾಗಿ ತೆಗೆಯುವುದು ಕಷ್ಟ ಆಗುತ್ತದೆ. ಹಸಿ ಮರ ಕೊಯ್ಯುವುದಕ್ಕೂ ಒಣಗಿದ ಜಾಲಿ ಕೊಯ್ಯುವುದಕ್ಕೂ ಎಷ್ಟು ಅಂತರ ಅಂತ ನಾನು ನಿಮಗೆ ಹೇಳಬೇಕಾ?

ಹಿಂದಿನ ಓಣಿಯ ಹಿರಿಯರಿಗೆ ಆಪರೇಷನ್ ಆದ ಮೇಲೂ ಕಣ್ಣು ಹೋಯಿತು, ಅದಕ್ಕೇ ನಿಮಗೆ ಭಯ ಅಂತ ಅಕ್ಕ ಬರೆದಿದ್ದಾಳೆ. ಅವರು ಮೂರನೇ ದಿನಕ್ಕೇ ತಲೆಗೆ ನೀರು ಹಾಕಿಕೊಂಡರು, ಹನಿ ಹಾಕುವುದನ್ನೂ ಬಿಟ್ಟರು ಅಂತಲೂ ಬರೆದಿದ್ದಾಳೆ. ಕೀವು ಆದ ಮೇಲೂ ಹೇಳಲಿಲ್ಲವಂತೆ. ನಿಮಗೆ ಹಾಗೆ ಆಗುವುದಿಲ್ಲ. ಹನಿ ಹಾಕಲು ಶ್ವೇತಾ ಇದ್ದಾಳೆ. ನೋವು, ಕೆಂಪು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗುವುದು, ಅಷ್ಟೇ. ಡಾಕ್ಟರು ಹೂಂ ಅನ್ನುವ ತನಕ ರಂದಾ, ಗರಗಸ ಮುಟ್ಟಬೇಡಿ. ಮರದ ಹುಡಿ ಕಣ್ಣಿಗೆ ಬೀಳಬಾರದು.

ರೊಕ್ಕದ ಮಾತು ಎತ್ತಲೇಬೇಡಿ. ನನ್ನ ಮದುವೆಗೆ ಅಂತ ಇಟ್ಟಿದ್ದನ್ನು ಮುಟ್ಟುವುದಿಲ್ಲ ಅಂದಿರಂತೆ. ಮುಟ್ಟಬೇಡಿ. ಅಕ್ಕನ ಖಾತೆಗೆ ನಿನ್ನೆಯೇ 60,000 ಹಾಕಿದ್ದೇನೆ. ನನಗೆ ಇಲ್ಲಿ ಏನೂ ಕಡಿಮೆ ಇಲ್ಲ. ಬಾಡಿಗೆ ಕಟ್ಟಿದ್ದೇನೆ, ಜೋಳದ ಹಿಟ್ಟು ಸಿಗುತ್ತದೆ, ರೊಟ್ಟಿ ಮಾಡುತ್ತೇನೆ, ಆರೋಗ್ಯ ಗಟ್ಟಿ ಇದೆ, ಹೊಸ ಜಾಕೆಟ್ ತೆಗೆದುಕೊಂಡೆ, ಕೆಲಸವೂ ಭದ್ರ. ಮರಕ್ಕೆ ಖರ್ಚು ಮಾಡುವುದೂ ತೀರಾ ಸ್ವಲ್ಪ. ನಿಜವಾಗಿಯೂ ಅವ್ವ, ಸುಮ್ನೆ ಚಿಂತೆ ಮಾಡಬೇಡ.

ಇನ್ನು ಗಾಲಿಯ ವಿಷಯ. ಅಜ್ಜ ಬಂಡಿ ಗಾಲಿ ಮಾಡುತ್ತಿದ್ದರಲ್ಲ, ಇದೂ ಹಾಗೆಯೇ. ನಡುವೆ ಗುಂಬ, ಸುತ್ತ ಅರೆಗಳು. ಅರೆಗಳ ತುದಿಗೆ ಮಾತ್ರ ನೀರು ತಳ್ಳುವ ಹಲಗೆ. ಈ ಕಡೆಯ ಎಷ್ಟೋ ಹಡಗುಗಳಲ್ಲಿ ಎರಡು ಮಗ್ಗುಲ ಗಾಲಿಗೂ ಬೇರೆ ಬೇರೆ ಎಂಜಿನ್ ಇರುತ್ತಿತ್ತು. ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ತಿರುಗಿಸಿದರೆ ಹಡಗು ನಿಂತಲ್ಲೇ ತಿರುಗುತ್ತಿತ್ತು. ಎಡಗಡೆಯ ಗಾಲಿ ನಾನು ಮಾಡಿ ಮುಗಿಸಿದೆ. ಅರೆಗಳು ಸಮ ಬರಲು ಮೂರು ಸಲ ಬಿಚ್ಚಿ ಕೂಡಿಸಿದೆ. ಬಲಗಡೆಯದು ಮಾಡಿಲ್ಲ. ಅದನ್ನು ನೀವು ಮಾಡಬೇಕು. ಮರ ಕೊಯ್ದು ಇಟ್ಟಿದ್ದೇನೆ, ಬನದ ಹುಣ್ಣಿಮೆಗೆ ಊರಿಗೆ ಬರುವಾಗ ತರುತ್ತೇನೆ. ರಜೆಗೆ ಹೇಳಿ ಆಗಿದೆ. ಏಳು ಇಂಚಿನ ಗಾಲಿ ಅಪ್ಪ. ಅರೆ ಒಂದೊಂದೂ ಬೆಂಕಿಕಡ್ಡಿಯಷ್ಟು ಸಣ್ಣ. ಈಗಿನ ಕಣ್ಣಿನಲ್ಲಿ ನಿಮಗೆ ಆಗುವುದಿಲ್ಲ. ನನಗೂ ಆಗುವುದಿಲ್ಲ, ಎಡಗಡೆಯದು ನೋಡಿದರೆ ನಿಮಗೆ ಗೊತ್ತಾಗುತ್ತದೆ, ಒಂದು ಅರೆ ಕೂದಲಿನಷ್ಟು ಓರೆ ಇದೆ.

ಆದ್ದರಿಂದ ದೀಪಾವಳಿಗೆ ಮೊದಲೇ ತೋರಿಸಿರಿ. ಭಾವ ರಜೆ ಹಾಕುತ್ತಾರೆ, ಅಕ್ಕ ಜೊತೆಗೆ ಬರುತ್ತಾಳೆ. ಮೊದಲು ಬಿಪಿ, ಸಕ್ಕರೆ ನೋಡುತ್ತಾರೆ, ಆಮೇಲೆ ದಿನ ಕೊಡುತ್ತಾರೆ. ಈ ಸಲ ಜಾತ್ರೆಗೆ ಬಾಗಿಲು ಕಡಿಮೆ ಆದರೆ ಆಗಲಿ.

ಪೋಸ್ಟ್ ಆಫೀಸು ಐದಕ್ಕೆ ಮುಚ್ಚುತ್ತದೆ, ಈಗ ನಾಲ್ಕೂವರೆ. ಹಡಗಿನ ಫೋಟೋ ಮೂರು ಇಟ್ಟಿದ್ದೇನೆ, ಶ್ವೇತಾ, ಅಜ್ಜನಿಗೆ ಹೊರಗೆ ಬಿಸಿಲಿನಲ್ಲಿ ತೋರಿಸು. ಗಂಗವ್ವನಿಗೆ ಕೇಳಿದೆ ಅಂತ ಹೇಳಿರಿ. ನಾನು ಆರಾಮ ಇದ್ದೇನೆ. ಹೆಬ್ಬೆರಳಿಗೆ ನೀರು ತಾಗಿಸಬೇಡಿ.

ನಿಮ್ಮ ಮಗ,
ಮಂಜು

ಅಕ್ಕನನ್ನು ಬೈಯಬೇಡಿ. ಆಪರೇಷನ್ ದಿನ ಗೊತ್ತಾದ ಕೂಡಲೇ, ಇಲ್ಲಿ ರಾತ್ರಿ ಇದ್ದರೂ ಸರಿ, ಫೋನ್ ಮಾಡಿಸಿರಿ.