ಪೀಠಿಕೆಯಲ್ಲಿ ಯಾರೂ ಜಗಳ ಆಡದ ಪದ

ಮಾನ್ಯ ಸಂಪಾದಕರೇ,

ಸಂವಿಧಾನದ ಪೀಠಿಕೆಯಲ್ಲಿ ‘ಸಮಾಜವಾದಿ’, ‘ಜಾತ್ಯತೀತ’ ಎಂಬ ಪದಗಳು ಇರಬೇಕೋ ಬೇಡವೋ ಎನ್ನುವ ಚರ್ಚೆ ಆಗಾಗ ಏಳುತ್ತಲೇ ಇರುತ್ತದೆ. ಅವು 1976ರಲ್ಲಿ 42ನೇ ತಿದ್ದುಪಡಿಯ ಮೂಲಕ ಸೇರಿದವು. ತೆಗೆಯಬೇಕು ಎಂದು ಕೇಳಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ವಜಾ ಮಾಡಿತು. ಆ ಚರ್ಚೆ ಮಾಡುವವರು ಮಾಡಲಿ. ನಾನು ಬರೆಯುತ್ತಿರುವುದು ಮೊದಲ ದಿನದಿಂದಲೂ ಪೀಠಿಕೆಯಲ್ಲಿದ್ದು, ಯಾರೂ ಜಗಳ ಆಡದ ಇನ್ನೊಂದು ಪದದ ಬಗ್ಗೆ. ಭ್ರಾತೃತ್ವ, ಅಂದರೆ ಒಡಹುಟ್ಟಿದವರಂಥ ಭಾವ. ಮಕ್ಕಳಿಗೆ ಉಚ್ಚಾರ ಮಾಡಲು ಕಷ್ಟ. ನಮಗೆ ಪಾಲಿಸಲು ಇನ್ನೂ ಕಷ್ಟ.

ನಾನು ತುಮಕೂರು ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿದವಳು. ಕೊನೆಯ ಒಂಬತ್ತು ವರ್ಷ ಮುಖ್ಯ ಶಿಕ್ಷಕಿ. ಮೇಷ್ಟ್ರುಗಳಿಗೆ ಚುನಾವಣೆ ಡ್ಯೂಟಿ ತಪ್ಪಿದ್ದಲ್ಲ. 2004ರಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಮತದಾನ ಆಯಿತಲ್ಲ, ಆಗ ನನ್ನ ಪಾಲಿಗೆ ಬಂದದ್ದು ಶಾಯಿ ಹಚ್ಚುವ ಕೆಲಸ. ಬೆಳಗ್ಗಿನಿಂದ ಸಂಜೆವರೆಗೆ ಒಬ್ಬೊಬ್ಬರ ಎಡಗೈ ತೋರುಬೆರಳು ಹಿಡಿದು ಗುರುತು ಹಾಕುವುದು. ಮೈಸೂರಿನಲ್ಲೇ ತಯಾರಾಗುವ ಶಾಯಿ ಅದು. ಹಚ್ಚುವಾಗ ನೇರಳೆ, ಬಿಸಿಲು ತಾಗಿದ ಮೇಲೆ ಕಪ್ಪು. ಅಡಿಕೆ ಸುಲಿದು ಕರೆಗಟ್ಟಿದ ಬೆರಳು, ಉಗುರಿನ ಸಂದಿಯಲ್ಲಿ ಮಣ್ಣು ಕೂತ ಬೆರಳು, ಅರಿಶಿನ ಮೆತ್ತಿದ ಬೆರಳು. ಒಂದೇ ದಿನ ಒಂದೇ ಊರಿನ ಅಷ್ಟೊಂದು ಕೈ ಹಿಡಿದದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತೈದು ದಾಟಿದ ಒಬ್ಬ ತಾತ ಬಂದರು. ದಲಿತ ಕಾಲೊನಿಯವರು. ಬೆರಳು ಹಿಡಿಯಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. ‘ಮುಟ್ಟಬ್ಯಾಡಿ ಅವ್ವಾ, ಕಡ್ಡಿ ಕೊಡಿ, ನಾನೇ ಹಚ್ಕೋತೀನಿ’ ಎಂದರು. ಕೋಪ ಇರಲಿಲ್ಲ. ನನಗೆ ಮೈಲಿಗೆ ಆಗಬಾರದು ಎಂಬ ಕಾಳಜಿಯಿಂದ ಹೇಳಿದ್ದು. ಸಾಲಿನಲ್ಲಿದ್ದವರು ಯಾರೂ ತಿರುಗಿ ಸಹ ನೋಡಲಿಲ್ಲ. ‘ನಾನೇ ಹಚ್ಚಬೇಕು ತಾತ, ರೂಲ್ಸು’ ಅಂದೆ. ಕೈ ಕೊಟ್ಟರು. ಬೆರಳು ನಡುಗುತ್ತಿತ್ತು. ಮೊದಲನೇ ಚುನಾವಣೆಯಿಂದಲೂ ವೋಟು ಹಾಕ್ತಾ ಇದ್ದೀನಿ ಎಂದು ಅವರೇ ಹೇಳಿದರು. ಅಂದರೆ 1952ರಿಂದ. ಐವತ್ತು ವರ್ಷ ವೋಟು ಹಾಕಿದ ಮನುಷ್ಯ ಇನ್ನೂ ತನ್ನ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಾರೆ.

ನಮ್ಮ ದೇಶ ಏನೂ ಸಾಧಿಸಿಲ್ಲ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಮೊದಲ ಚುನಾವಣೆಯಲ್ಲಿ ಸುಮಾರು 17 ಕೋಟಿ ಮತದಾರರು. ಬಹುಪಾಲು ಜನಕ್ಕೆ ಓದು ಬರಹ ಬರುತ್ತಿರಲಿಲ್ಲ. ಆದರೂ ಗಂಡಸು ಹೆಂಗಸು, ಬಡವ ಶ್ರೀಮಂತ ಎನ್ನದೆ ಎಲ್ಲರಿಗೂ ಒಂದೇ ದಿನ ಓಟಿನ ಹಕ್ಕು ಕೊಟ್ಟೆವು. ಸ್ವಿಟ್ಜರ್ಲೆಂಡಿನ ಹೆಣ್ಣುಮಕ್ಕಳಿಗೆ ರಾಷ್ಟ್ರದ ಚುನಾವಣೆಯಲ್ಲಿ ಆ ಹಕ್ಕು ಸಿಕ್ಕಿದ್ದು 1971ರಲ್ಲಿ. ಇದು ಸಣ್ಣ ಮಾತಲ್ಲ. ಶಾಲೆಯ ವಿಷಯದಲ್ಲಿ ತಡ ಆಯಿತು, ನಿಜ. ಹತ್ತು ವರ್ಷದೊಳಗೆ 14 ವರ್ಷದವರೆಗಿನ ಮಕ್ಕಳಿಗೆಲ್ಲ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕು ಎಂದು ಸಂವಿಧಾನದ 45ನೇ ವಿಧಿಯಲ್ಲಿ ಬರೆದಿದ್ದೆವು. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರಲ್ಲಿ. ತಡವಾದರೂ ಬಂತು. ಓಟು, ಶಾಲೆ, ಇವನ್ನೆಲ್ಲ ಸರ್ಕಾರ ಕೊಡಬಹುದು. ಕೊಡದಿದ್ದರೆ ಕೋರ್ಟಿಗೆ ಹೋಗಬಹುದು. ಭ್ರಾತೃತ್ವವನ್ನು ಯಾರ ಹತ್ತಿರ ಕೇಳುವುದು?

1946ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ಈ ಪದ ಇರಲಿಲ್ಲ. ಪೀಠಿಕೆಗೆ ಇದನ್ನು ಸೇರಿಸಿದ್ದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ. ಕರಡನ್ನು ಅವರು ಸಭೆಯ ಅಧ್ಯಕ್ಷರಿಗೆ ಒಪ್ಪಿಸಿದ್ದು 1948ರ ಫೆಬ್ರವರಿ 21ರಂದು. ಗಾಂಧೀಜಿ ಹತ್ಯೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ದೇಶ ಇಬ್ಭಾಗವಾಗಿ ರಕ್ತ ಹರಿದ ಗಾಯ ಹಸಿಯಾಗಿತ್ತು. ಜನ ಜನರ ನಡುವೆ ಸೌಹಾರ್ದ ಈಗ ಬೇಕಿರುವಷ್ಟು ಹಿಂದೆಂದೂ ಬೇಕಿರಲಿಲ್ಲ ಎಂದು ಅವರು ಕಾರಣವನ್ನೂ ಬರೆದಿದ್ದಾರೆ. ಮುಂದೆ 1949ರ ನವೆಂಬರ್ 25ರ ಭಾಷಣದಲ್ಲಿ, ಭ್ರಾತೃತ್ವ ಇಲ್ಲದಿದ್ದರೆ ಸ್ವಾತಂತ್ರ್ಯವೂ ಸಮಾನತೆಯೂ ಮೇಲೆ ಬಳಿದ ಬಣ್ಣದಷ್ಟೇ ತೆಳು ಎಂದರು.

ಈಗ ನನ್ನ ಶಾಲೆಯ ವಿಷಯ ಹೇಳಬೇಕು. ನಾನು ಮುಖ್ಯ ಶಿಕ್ಷಕಿಯಾದ ಎರಡನೇ ವರ್ಷ ಬಿಸಿಯೂಟಕ್ಕೆ ಸಹಾಯಕ ಅಡುಗೆಯವರಾಗಿ ಕಾಲೊನಿಯ ಒಬ್ಬ ತಾಯಿ ನೇಮಕವಾದರು. ಅಡುಗೆಯಲ್ಲಿ ಅವರದು ಒಳ್ಳೆ ಕೈ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಎಂಬ ನಿಯಮ ಇದೆ. ನಾನು ದಿನಾ ಅವರ ಸಾರು ಕುಡಿದು ನೋಡುತ್ತಿದ್ದೆ. ಒಂದು ವಾರಕ್ಕೆ ಹನ್ನೊಂದು ಮಕ್ಕಳು ಮನೆಯಿಂದ ಡಬ್ಬಿ ತರಲು ಶುರು ಮಾಡಿದರು. ಹೊಟ್ಟೆನೋವು ಮಿಸ್, ಖಾರ ಜಾಸ್ತಿ ಮಿಸ್, ಹೀಗೆ ನೆಪ. ಮಕ್ಕಳಿಗೆ ಯಾರೋ ಹೇಳಿಕೊಟ್ಟ ಮಾತು ಅದು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಕರೆದೆ. ಯಾರೂ ಜಾತಿ ಹೆಸರು ಎತ್ತಲಿಲ್ಲ. ‘ಅವರನ್ನ ಕೆಲಸದಿಂದ ತೆಗೀರಿ ಅಂತ ನಾವು ಹೇಳ್ತಿಲ್ಲ ಮೇಡಂ, ಪಾತ್ರೆ ತೊಳೀಲಿ, ಅಕ್ಕಿ ಆರಿಸಲಿ, ಒಲೆ ಮುಂದೆ ಬೇರೆಯವರು ಇರಲಿ’ ಎಂದರು. ಊರಲ್ಲಿ ಗಲಾಟೆ ಬೇಡ, ಮಕ್ಕಳ ಹಾಜರಿ ಕಡಿಮೆ ಆಗಬಾರದು ಎಂದು ನಾನು ಒಪ್ಪಿಕೊಂಡೆ. ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೇ ವಿಧಿಯನ್ನು ಐದನೇ ತರಗತಿಗೆ ಪಾಠ ಮಾಡುತ್ತಿದ್ದವಳೇ ನಾನು. ಆ ತಾಯಿ ಒಂದು ವರ್ಷ ಪೂರ್ತಿ ಹಿಂದಿನ ನಲ್ಲಿ ಹತ್ತಿರ ಕುಕ್ಕರಗಾಲಲ್ಲಿ ಕೂತು ಪಾತ್ರೆ ತಿಕ್ಕಿದರು. ಡಬ್ಬಿಗಳು ಒಂದೊಂದಾಗಿ ನಿಂತವು. ಹಾಜರಿ ಸರಿಹೋಯಿತು. ಎಲ್ಲರೂ ಶಾಂತಿಯಿಂದ ಇದ್ದೆವು.

ಮರುವರ್ಷ ಮುಖ್ಯ ಅಡುಗೆಯವರು ಮಗಳ ಬಾಣಂತನಕ್ಕೆ ಎರಡು ತಿಂಗಳು ರಜೆ ಹಾಕಿದರು. ಬೇರೆ ದಾರಿ ಇಲ್ಲದೆ ಈ ತಾಯಿಯೇ ಒಲೆ ಹಚ್ಚಿದರು. ಈ ಸಲ ನಾನು ಸಭೆ ಕರೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ತಟ್ಟೆ ಹಿಡಿದು ಮಕ್ಕಳ ಸಾಲಿನಲ್ಲೇ ಕೂತು ಉಂಡೆ. ಮೂರು ದಿನ ನಾಲ್ಕು ಡಬ್ಬಿ ಬಂದವು. ಆಮೇಲೆ ಅವೂ ಇಲ್ಲ. ಹಿಂದಿನ ವರ್ಷ ಡಬ್ಬಿ ತಂದಿದ್ದ ಹುಡುಗನೇ ಎರಡನೇ ಸಲ ಸಾರಿಗೆ ತಟ್ಟೆ ಚಾಚಿದ. ಯಾರೂ ಟಿಸಿ ತೆಗೆದುಕೊಂಡು ಹೋಗಲಿಲ್ಲ. ನಾನು ಹೆದರಿದ್ದ ಗಲಾಟೆ ಆಗಲೇ ಇಲ್ಲ.

2023ರಿಂದ ನಮ್ಮ ರಾಜ್ಯದ ಶಾಲೆಗಳಲ್ಲಿ ಮಕ್ಕಳು ಪೀಠಿಕೆ ಓದುತ್ತಿದ್ದಾರೆ. ಒಳ್ಳೆಯದು, ಓದಲೇಬೇಕು. ಸಂವಿಧಾನ ದಿನವಾದ ನವೆಂಬರ್ 26ಕ್ಕೆ ದೊಡ್ಡ ಬ್ಯಾನರ್ ಕಟ್ಟಿ, ಫೋಟೋ ತೆಗೆದು ಕಳಿಸುವುದೂ ಆಗಲಿ. ಆದರೆ ನನ್ನ ಹಾಗೆ ಆ ಕುರ್ಚಿಯಲ್ಲಿ ಈಗ ಕೂತಿರುವ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ ಒಂದು ಮಾತು. ‘ಅವರು ಪಾತ್ರೆ ತೊಳೀಲಿ ಬಿಡಿ’ ಎಂಬ ಸಲಹೆ ನಿಮ್ಮ ಮುಂದೆಯೂ ಬರಬಹುದು. ತುಂಬಾ ವಿನಯದಿಂದ, ಹೊಂದಾಣಿಕೆಯ ಮಾತಿನಂತೆ ಬರುತ್ತದೆ. ಮೊದಲ ದಿನವೇ ಆಗಲ್ಲ ಅನ್ನಿ. ತಟ್ಟೆ ತಗೊಂಡು ಮಕ್ಕಳ ಜೊತೆ ಕೂತುಬಿಡಿ.

ನಿವೃತ್ತಿಯಾದ ಮೇಲೆ ಆ ತಾಯಿಯ ಮನೆಗೆ ಹೋಗಿದ್ದೆ. ಆ ಒಂದು ವರ್ಷದ ಬಗ್ಗೆ ಕ್ಷಮೆ ಕೇಳಿದೆ. ‘ಬಿಡಿ ಮೇಡಂ, ನೀವೊಬ್ಬರೇ ಏನು ಮಾಡಕ್ಕಾಗ್ತಿತ್ತು’ ಅಂದರು. ಟೀ ಕೊಟ್ಟರು. ಮಾಡಬಹುದಿತ್ತು. ಮಾಡಿದಾಗ ಮೂರೇ ದಿನ ಸಾಕಾಯಿತಲ್ಲ.

— ಒಬ್ಬ ನಿವೃತ್ತ ಮುಖ್ಯ ಶಿಕ್ಷಕಿ, ತುಮಕೂರು ಜಿಲ್ಲೆ