ಹಾವು ಸುರಂಗ ಕೊರೆಯುವುದಿಲ್ಲ

ಬದಿಯಡ್ಕ

ಪ್ರೀತಿಯ ತಂಗಿಗೆ,

ನೀರಿಗಾಗಿ ಗುಡ್ಡದಲ್ಲಿ ಸುರಂಗ ಕೊರೆಯುವ ಮಾವನ ಮೇಲೆ ನೀನು ಬರೆದ ಕಥನಕವನ ತಲುಪಿತು. ಭಾಮಿನಿ ಷಟ್ಪದಿಯ ನಡೆ ಕೈಗೆ ಹತ್ತಿದೆ. ‘ಅಲಂಕಾರ ಸರಿಯಾಗಿದೆಯಾ’ ಎಂದು ಕೇಳಿದ್ದೀಯಲ್ಲ, ಅಷ್ಟಕ್ಕೇ ಉತ್ತರ ಬರೆಯುತ್ತೇನೆ.

ಮೊದಲು ಪೆನ್ಸಿಲ್ ಕೆಳಗಿಡು. ಒಮ್ಮೆ ಗಟ್ಟಿಯಾಗಿ ಓದಿ, ಕತೆಯನ್ನು ಐದಾರು ವಾಕ್ಯಗಳಲ್ಲಿ ಬರೆದುಕೊ: ಯಾರು, ಎಲ್ಲಿ, ಏನಾಯಿತು, ನೋಡುತ್ತಿರುವುದು ಯಾರು. ಗೆರೆ ಎಳೆಯುವುದು ಎರಡನೆಯ ಓದಿಗೆ.

ಆಗ ‘ಅಂತೆ’ಯನ್ನು ಸುಮ್ಮನೆ ನಂಬಬೇಡ. ಕತೆ ಹೇಳುವ ಪದ್ಯದಲ್ಲಿ ಅದಕ್ಕೆ ನಾಲ್ಕು ವೇಷ. ‘ಅತ್ತೆ ಬೇಡವೆಂದಳಂತೆ’ ಬರೀ ಕೇಳಿದ ಸುದ್ದಿ. ‘ಅಜ್ಜ ಹೇಳಿದಂತೆ ಅಗೆದ’ ಎಂಬಲ್ಲಿ ಹೇಳಿದ ಪ್ರಕಾರ ಅಂತಷ್ಟೇ. ‘ಹಾವಿನಂತೆ ಹೊಕ್ಕ’, ಇದೊಂದೇ ಉಪಮೆ. ‘ಬೆಟ್ಟ ಉಸಿರು ಬಿಗಿಹಿಡಿದಿದೆಯೋ ಎಂಬಂತೆ’ ಅಂದರೆ ಅದು ಉತ್ಪ್ರೇಕ್ಷೆ. ಹೋಲಿಕೆಗಿಂತ ಅಲ್ಲಿ ಕಲ್ಪನೆಯೇ ಮುಂದೆ. ಇನ್ನು ‘ಸುರಂಗದ ಬಾಯಿ’ ನಾವು ದಿನಾ ಆಡುವ ಮಾತು, ರೂಪಕವೆಂದು ಎಣಿಸಬೇಡ. ಮುಂದಿನ ಪದ್ಯದಲ್ಲಿ ಆ ಬಾಯಿ ಅವನನ್ನು ನುಂಗಿದರೆ ಆಗ ಎಣಿಸು.

ಈಗ ನಿನ್ನ ಸಾಲುಗಳು:

ಬೆಟ್ಟದೊಡಲಲಿ ದಾರಿ ಕೊರೆಯುವ
ಮಾವ ಹೊಕ್ಕನು ಹಾವಿನಂತೆಯೆ
ಕೈಯ ಬತ್ತಿಯು ಕಣ್ಣು ಮುಚ್ಚಿತು

ಎರಡನೆಯದನ್ನು ಬಿಡಿಸು. ಉಪಮೇಯ ಮಾವ, ಉಪಮಾನ ಹಾವು, ವಾಚಕ ‘ಅಂತೆ’, ಸಾಧಾರಣ ಧರ್ಮ ಒಳಹೊಗುವುದು. ನಾಲ್ಕೂ ಇವೆ, ಪೂರ್ಣೋಪಮೆ. ಶಾಸ್ತ್ರಕ್ಕೆ ಸರಿ, ಕತೆಗೆ ತಪ್ಪು. ಮುರಕಲ್ಲಿನ ಗುಡ್ಡದಲ್ಲಿ ಒಬ್ಬ ಆಳು ಹಿಡಿಸುವಷ್ಟೇ ಅಗಲಕ್ಕೆ, ಪಿಕ್ಕಾಸಿನಲ್ಲಿ ಗೇಣುಗೇಣಾಗಿ ಕೊರೆಯುತ್ತ ಹೋಗುವವನು ನಿನ್ನ ಮಾವ. ಹಾವು ಸಾಮಾನ್ಯವಾಗಿ ಕೊರೆಯುವುದಿಲ್ಲ, ಗೆದ್ದಲು ಕಟ್ಟಿದ ಹುತ್ತಕ್ಕೆ ಬಂದು ಸೇರಿಕೊಳ್ಳುತ್ತದೆ. ಓದುವವನಿಗೆ ಆ ಗಾದೆ ನೆನಪಾಯಿತೋ, ದುಡಿದವನೇ ಕಂಡವರ ದುಡಿಮೆ ಕಸಿದವನಾಗುತ್ತಾನೆ. ಮತ್ತೆ, ನಿನ್ನ ಕತೆಯಲ್ಲಿ ಹೊರಗೆ ನಿಂತು ನೋಡುವ ಹುಡುಗಿಗೆ ಮಾವನೆಂದರೆ ಪ್ರಾಣ. ಅವಳ ಕಣ್ಣಿಗೆ ಹಾವು ಯಾಕೆ ಬರಬೇಕು?

ಲೆಕ್ಕವನ್ನೂ ನೋಡು. 14 ಮಾತ್ರೆಯ ಸಾಲಿನಲ್ಲಿ ‘ನಂತೆಯೆ’ಗೇ 4 ಹೋಯಿತು, ಕೊನೆಯ ‘ಯೆ’ ಗಣ ತುಂಬಲು ಕೂರಿಸಿದ್ದು ಅಂತ ಕಿವಿಗೆ ಗೊತ್ತಾಗುತ್ತದೆ. ರೂಪಕಕ್ಕೆ ‘ಅಂತೆ’ ಬೇಡ, ಈ ಖರ್ಚಿಲ್ಲ. ರೂಪಕ ಸಾಮ್ರಾಜ್ಯ ಚಕ್ರವರ್ತಿ ಎನಿಸಿಕೊಂಡ ಕುಮಾರವ್ಯಾಸನದು ಭಾಮಿನಿ. ಉಪಮಾಲೋಲ ಲಕ್ಷ್ಮೀಶನದು ವಾರ್ಧಕ ಷಟ್ಪದಿ, ಅಲ್ಲಿ ಚಿಕ್ಕ ಸಾಲಿಗೇ 20 ಮಾತ್ರೆ. ಇದರಲ್ಲಿ ಏನೋ ನಂಟಿದೆ ಅಂತ ನನಗೊಂದು ಗುಮಾನಿ, ಶಾಸ್ತ್ರವೆಂದು ಹಿಡಿದುಕೊಳ್ಳಬೇಡ.

ಮೂರನೆಯ ಸಾಲನ್ನು ಮಾತ್ರ ಮುಟ್ಟಬೇಡ. ಒಳಗೆ ಉಸಿರಾಡುವ ಗಾಳಿ ಕಡಿಮೆಯಾದರೆ ಬತ್ತಿ ಆರುತ್ತದೆ, ಹೊರಗೆ ಬಾ ಅನ್ನುವುದಕ್ಕೆ ಅದೇ ಗುರುತು. ‘ಕಣ್ಣು ಮುಚ್ಚಿತು’ ಎಂಬುದು ನಮ್ಮಲ್ಲಿ ಸಾವಿನ ಮಾತೂ ಹೌದು. ಭಯವಾಯಿತು ಅಂತ ನೀನು ಎಲ್ಲೂ ಹೇಳಿಲ್ಲ, ಆದರೂ ಆಯಿತು. ಈ ಮಾತನ್ನು ಅಳಿಸಿದರೆ ಕತೆ ಅಲ್ಲಿಗೇ ನಿಲ್ಲುತ್ತದೆ. ಹಾವನ್ನು ಅಳಿಸಿ ನೋಡು, ಏನೂ ಕಡಿಮೆಯಾಗದು. ಅಲಂಕಾರಕ್ಕೆ ಬೆಲೆ ಕಟ್ಟಲು ನಾನು ನೆಚ್ಚುವ ತಕ್ಕಡಿ ಇದೇ.

ಕೊನೆಯ ಪದ್ಯದಲ್ಲಿ ನೀರು ‘ಹುಟ್ಟಿತು’ ಎಂದಿದ್ದೀ. ಮೊದಲ ಸಾಲಿನ ‘ಒಡಲು’ ಅಲ್ಲಿಗೆ ಹೋಗಿ ಕೂಡುತ್ತದೆ, ನಡುವೆ ಹಾವು ಅಡ್ಡ ಮಲಗಿದೆ. ಅದರ ಬದಲಿಗೆ ಇನ್ನೊಂದು ಪ್ರಾಣಿಯನ್ನು ಹುಡುಕಲು ಹೋಗಬೇಡ. ‘ಮಾವ ಹೊಕ್ಕನು ಬಾಗಿ, ಒಬ್ಬನೆ’ ಎಂದಿಟ್ಟು ಗಟ್ಟಿಯಾಗಿ ಓದು. ಮಾತ್ರೆ 14ಕ್ಕೇ ಕೂರುತ್ತದೆ.

ಇತಿ,
ನಿನ್ನ ಅಣ್ಣ